ಜಿಂಕೆಗಳ ಸೊರಗು ರೋಗ: ಬೇಟೆಗಾರರೇ ಕಾವಲುಗಾರರು

2001ರ ನವೆಂಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೇಟೆಗಾರರು ಪ್ರತಿವರ್ಷದ ಪದ್ಧತಿಯಂತೆ ಬಿಳಿಬಾಲದ ಜಿಂಕೆಗಳ ಬೇಟೆಗೆ ಹೊರಟಿದ್ದರು. ಅವರು ಹೊಡೆದು ತಂದ ಜಿಂಕೆಗಳಲ್ಲಿ ಕೆಲವುಗಳ ಅಂಗಾಂಶದ ಮಾದರಿಯನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. 2002ರ ಫೆಬ್ರವರಿ 28ರಂದು ಫಲಿತಾಂಶ ಪ್ರಕಟವಾದಾಗ ರಾಜ್ಯವೇ ತಲ್ಲಣಿಸಿತು. ಡೇನ್ ಕೌಂಟಿಯ ಮೌಂಟ್ ಹೋರೆಬ್ ಸಮೀಪದ ಮೂರು ಜಿಂಕೆಗಳಲ್ಲಿ 'ಕ್ರಾನಿಕ್ ವೇಸ್ಟಿಂಗ್ ಡಿಸೀಸ್' ಪತ್ತೆಯಾಗಿತ್ತು. ಅಲ್ಲಿಯವರೆಗೆ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಈ ರೋಗ ಕಂಡುಬಂದಿರಲಿಲ್ಲ.

ಮೈ ಬತ್ತಿ, ಎಲುಬುಗೂಡಾಗಿ ಸಾಯುವ ಈ ಕಾಯಿಲೆಯನ್ನು ಕನ್ನಡದಲ್ಲಿ ಜಿಂಕೆಗಳ ಸೊರಗು ರೋಗ ಎನ್ನಬಹುದು. ಇದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. ರೋಗ ಎಲ್ಲಿದೆ ಎಂಬುದನ್ನು ಬೇಗನೆ ತಿಳಿದುಕೊಳ್ಳುವುದೇ ಸದ್ಯ ಮನುಷ್ಯನ ಕೈಲಿರುವ ಮುಖ್ಯ ಅಸ್ತ್ರ. ಆ ಕಾರ್ಯ ಬಹುಮಟ್ಟಿಗೆ ನಿಂತಿರುವುದು ಬೇಟೆಗಾರರ ಸಹಕಾರದ ಮೇಲೆ.

ಏನಿದು ರೋಗ?

1967ರಲ್ಲಿ ಕೊಲೊರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳಲ್ಲಿ ಈ ರೋಗ ಮೊದಲು ಗಮನಕ್ಕೆ ಬಂತು. ಮೇವಿನ ದೋಷವೋ, ಸೆರೆಯಲ್ಲಿಟ್ಟ ಪ್ರಾಣಿಗಳ ಒತ್ತಡವೋ ತಿಳಿಯದೆ ವರ್ಷಗಳು ಕಳೆದವು. ಹುಚ್ಚು ಹಸು ರೋಗ ಹಾಗೂ ಕುರಿಗಳ ಸ್ಕ್ರೇಪಿ ರೋಗಗಳ ಗುಂಪಿಗೆ ಇದು ಸೇರಿದುದೆಂಬುದನ್ನು ಪಶುವೈದ್ಯೆ ಎಲಿಜಬೆತ್ ವಿಲಿಯಮ್ಸ್ 1970ರ ದಶಕದ ಕೊನೆಯಲ್ಲಿ ಗುರುತಿಸಿದರು. 1981ರಲ್ಲಿ ಕೊಲೊರಾಡೋದ ಕಾಡು ಎಲ್ಕ್ ಒಂದರಲ್ಲಿ ರೋಗ ದೃಢಪಟ್ಟಿತು.

ಈ ಗುಂಪಿನ ರೋಗಗಳಿಗೆ ಕಾರಣ ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. ದೇಹದಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ತನ್ನ ಸಂಪರ್ಕಕ್ಕೆ ಬಂದ ಇತರ ಪ್ರೋಟೀನುಗಳನ್ನೂ ಅದೇ ವಿಕೃತ ರೂಪಕ್ಕೆ ತಿರುಗಿಸುತ್ತಾ ಹೋಗುತ್ತದೆ. ಇದೇ ಪ್ರಿಯಾನ್. ಈ ಸಂಶೋಧನೆಗಾಗಿ ಸ್ಟಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರಿಯಾನ್ ಸಂಗ್ರಹವಾದಂತೆ ಮಿದುಳಿನ ಜೀವಕೋಶಗಳು ನಾಶಗೊಂಡು, ಅಂಗಾಂಶದಲ್ಲಿ ಸ್ಪಂಜಿನಂತೆ ರಂಧ್ರಗಳು ಮೂಡುತ್ತವೆ.

ರೋಗದ ಲಕ್ಷಣಗಳು ಸ್ಪಷ್ಟವಾಗಿಯೇ ಇರುತ್ತವೆ. ಜಿಂಕೆ ಸೊರಗುತ್ತದೆ, ಕಿವಿ ಜೋತು ಬೀಳುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ನಡಿಗೆ ತಡವರಿಸುತ್ತದೆ, ಮನುಷ್ಯರ ಭಯ ಕಡಿಮೆಯಾಗುತ್ತದೆ. ಆದರೆ ಇವೆಲ್ಲ ಕಾಣಿಸಿಕೊಳ್ಳುವುದು ಕಟ್ಟಕಡೆಗೆ. ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದವರೆಗೆ ಜಿಂಕೆ ಹೊರನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಆ ಅವಧಿಯಲ್ಲೂ ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಪ್ರಿಯಾನನ್ನು ಹೊರಹಾಕಬಲ್ಲದು. ರೋಗಪೀಡಿತ ಜಿಂಕೆಗಳಿದ್ದ ಆವರಣವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿಟ್ಟು, ಅನಂತರ ಆರೋಗ್ಯವಂತ ಜಿಂಕೆಗಳನ್ನು ಬಿಟ್ಟಾಗ ಅವುಗಳಿಗೂ ಸೋಂಕು ತಗುಲಿದುದು ಕೊಲೊರಾಡೋದ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ಮಣ್ಣಿಗೆ ಸೇರಿದ ರೋಗವನ್ನು ಮಣ್ಣಿನಿಂದ ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.

ವ್ಯಾಪ್ತಿ ಮತ್ತು ಪರಿಣಾಮ

ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ, ಕೆನಡಾದ ಐದು ಪ್ರಾಂತ್ಯಗಳಲ್ಲಿ ರೋಗ ಪತ್ತೆಯಾಗಿದೆ. ಕೆನಡಾದಿಂದ ತರಿಸಿಕೊಂಡ ಎಲ್ಕ್‌ಗಳ ಮೂಲಕ ಅದು ದಕ್ಷಿಣ ಕೊರಿಯಾವನ್ನೂ ಮುಟ್ಟಿತು. 2016ರಲ್ಲಿ ನಾರ್ವೆ, 2018ರಲ್ಲಿ ಫಿನ್ಲೆಂಡ್, 2019ರಲ್ಲಿ ಸ್ವೀಡನ್ ದೇಶಗಳಲ್ಲಿ ಮೊದಲ ಪ್ರಕರಣಗಳು ವರದಿಯಾದವು.

ಸೋಂಕು ತಗುಲಿದ ಜಿಂಕೆಗೆ ಸಾವು ಖಚಿತ. ಹಾಗಿದ್ದರೂ ರೋಗ ಹಿಂಡನ್ನು ಒಮ್ಮೆಲೇ ಕೊಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ಸವೆಸುತ್ತದೆ. ರೋಗ ಬಹುಕಾಲದಿಂದ ಬೇರೂರಿರುವ ವಯೋಮಿಂಗ್ ರಾಜ್ಯದ ಆಗ್ನೇಯ ಭಾಗದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ವರ್ಷಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತಿದ್ದುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ.

ಬೇಟೆಗಾರರೇ ಏಕೆ?

ರೋಗ ಪತ್ತೆಗೆ ರಕ್ತಪರೀಕ್ಷೆಯಂಥ ಸುಲಭ ಮಾರ್ಗವಿಲ್ಲ. ಜೀವಂತ ಪ್ರಾಣಿಯ ಗಂಟಲಿನಿಂದ ಅಥವಾ ಗುದದ್ವಾರದಿಂದ ಅಂಗಾಂಶ ತೆಗೆದು ಪರೀಕ್ಷಿಸುವುದು ಸಾಧ್ಯವಿದೆ. ಆದರೆ ಸಾವಿರಾರು ಕಾಡುಜಿಂಕೆಗಳನ್ನು ಹಿಡಿದು, ಅರಿವಳಿಕೆ ನೀಡಿ ಹೀಗೆ ಪರೀಕ್ಷಿಸುವುದು ಯಾವ ಇಲಾಖೆಯಿಂದಲೂ ಆಗುವ ಕೆಲಸವಲ್ಲ. ಆದ್ದರಿಂದ ಸತ್ತ ಪ್ರಾಣಿಯ ಅಂಗಾಂಶವೇ ಬೇಕಾಗುತ್ತದೆ.

ಅಮೆರಿಕದಲ್ಲಿ ಪ್ರತಿವರ್ಷ ಲಕ್ಷಾಂತರ ಜಿಂಕೆಗಳು ಪರವಾನಗಿ ಪಡೆದ ಬೇಟೆಗಾರರ ಗುಂಡಿಗೆ ಬಲಿಯಾಗುತ್ತವೆ. ಯಾವ ಸರ್ಕಾರಿ ಸಿಬ್ಬಂದಿಯೂ ತಲುಪದ ಹೊಲ, ಹಳ್ಳ, ಖಾಸಗಿ ಕಾಡುಗಳಿಂದ ಬರುವ ಜಿಂಕೆಗಳಿವು. ಪರೀಕ್ಷೆಗೆ ಬೇಕಾದುದು ಜಿಂಕೆಯ ತಲೆ ಮಾತ್ರ. ಬೇಟೆಗಾರನಿಗೆ ಬೇಕಾದ ಮಾಂಸ ಅವನಲ್ಲೇ ಉಳಿಯುತ್ತದೆ. ಈ ಸರಳ ಹೊಂದಾಣಿಕೆಯೇ ಕಾವಲು ವ್ಯವಸ್ಥೆಯ ತಳಹದಿ.

ಮಾದರಿ ಸಂಗ್ರಹ ಹೇಗೆ?

ಗಂಟಲಿನ ಹಿಂಭಾಗದಲ್ಲಿರುವ ಒಂದು ಜೊತೆ ದುಗ್ಧಗ್ರಂಥಿಗಳು ಪರೀಕ್ಷೆಗೆ ಮುಖ್ಯ. ಬಿಳಿಬಾಲದ ಜಿಂಕೆ ಹಾಗೂ ಮ್ಯೂಲ್ ಜಿಂಕೆಗಳಲ್ಲಿ ಮಿದುಳಿಗಿಂತ ಮೊದಲೇ ಈ ಗ್ರಂಥಿಗಳಲ್ಲಿ ಪ್ರಿಯಾನ್ ಕಾಣಿಸಿಕೊಳ್ಳುತ್ತದೆ. ಎಲ್ಕ್‌ಗಳಲ್ಲಿ ಮಿದುಳು ಬೆನ್ನುಹುರಿಯನ್ನು ಕೂಡುವ ಭಾಗವನ್ನೂ ತೆಗೆಯಲಾಗುತ್ತದೆ. ಪ್ರಯೋಗಾಲಯದಲ್ಲಿ ಮೊದಲು ಎಲೈಸಾ ವಿಧಾನದಿಂದ ಜರಡಿ ಹಿಡಿದು, ಸಂಶಯ ಬಂದ ಮಾದರಿಗಳನ್ನು ಅಂಗಾಂಶಕ್ಕೆ ಬಣ್ಣ ಕೊಟ್ಟು ನೋಡುವ ಮತ್ತೊಂದು ಪರೀಕ್ಷೆಯಿಂದ ದೃಢಪಡಿಸಿಕೊಳ್ಳುತ್ತಾರೆ.

ವಿಸ್ಕಾನ್ಸಿನ್‌ನಲ್ಲಿ ಹಗಲು ರಾತ್ರಿಯೆನ್ನದೆ ತೆರೆದಿರುವ ಸಂಗ್ರಹ ಪೆಟ್ಟಿಗೆಗಳನ್ನು ಅಲ್ಲಲ್ಲಿ ಇರಿಸಲಾಗಿದೆ. ಬೇಟೆಗಾರನು ಸುಮಾರು ಐದು ಅಂಗುಲ ಕುತ್ತಿಗೆ ಉಳಿಯುವಂತೆ ತಲೆಯನ್ನು ಕತ್ತರಿಸಿ, ಚೀಲದಲ್ಲಿಟ್ಟು, ಜಿಂಕೆ ಹೊಡೆದ ಸ್ಥಳ ಮತ್ತು ದಿನಾಂಕ ನಮೂದಿಸಿದ ಚೀಟಿ ಕಟ್ಟಿ ಅಲ್ಲಿ ಹಾಕುತ್ತಾನೆ. ಕೊಂಬು ಬೇಕಿದ್ದರೆ ಬಿಡಿಸಿಕೊಳ್ಳಬಹುದು. ಪರೀಕ್ಷೆಗೆ ಶುಲ್ಕವಿಲ್ಲ. ಸ್ಥಳದ ವಿವರವಿಲ್ಲದ ತಲೆಯಿಂದ ಕಾವಲಿಗೆ ಹೆಚ್ಚಿನ ಉಪಯೋಗವಿಲ್ಲ. ರೋಗ ಇದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ.

ಮಾಂಸ ಕತ್ತರಿಸಿಕೊಡುವ ಅಂಗಡಿಗಳು ಹಾಗೂ ಟ್ಯಾಕ್ಸಿಡರ್ಮಿಸ್ಟರೂ ಈ ಜಾಲದ ಭಾಗ. ಒಂದು ಕಾಲದಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ ಹೆಸರಾಗಿದ್ದ ಕಸುಬಿದು. ಗೋಡೆಗೆ ತೂಗುಹಾಕಲು ದೊಡ್ಡ ಕೊಂಬಿನ ಗಂಡುಗಳ ತಲೆಗಳೇ ಇವರ ಬಳಿ ಬರುವುದರಿಂದ ಇವರ ನೆರವು ಬೆಲೆಯುಳ್ಳದ್ದು. ಹೆಣ್ಣುಗಳಿಗಿಂತ ವಯಸ್ಕ ಗಂಡುಗಳಲ್ಲಿ ಸೋಂಕಿನ ಪ್ರಮಾಣ ಸಾಮಾನ್ಯವಾಗಿ ಹೆಚ್ಚು.

ಎಷ್ಟು ಜಿಂಕೆ ಪರೀಕ್ಷಿಸಿದರೆ ಸಾಕು?

ನೂರು ಜಿಂಕೆಗಳನ್ನು ಪರೀಕ್ಷಿಸಿ ರೋಗ ಕಾಣದಿದ್ದರೆ ಆ ಪ್ರದೇಶ ಸುರಕ್ಷಿತವೆನ್ನಬಹುದೇ? ಲೆಕ್ಕ ಬೇರೆಯೇ ಹೇಳುತ್ತದೆ. ಹಿಂಡಿನಲ್ಲಿ ನೂರಕ್ಕೆ ಒಂದು ಜಿಂಕೆಗೆ ಸೋಂಕಿದೆ ಎಂದಿಟ್ಟುಕೊಳ್ಳೋಣ. ಯಾದೃಚ್ಛಿಕವಾಗಿ ಆಯ್ದ ನೂರು ಮಾದರಿಗಳಲ್ಲಿ ಒಂದೂ ಸಿಗದಿರುವ ಸಾಧ್ಯತೆ ಶೇ 37ರಷ್ಟಿದೆ. ಆ ಸಾಧ್ಯತೆಯನ್ನು ಶೇ 5ಕ್ಕೆ ಇಳಿಸಬೇಕಾದರೆ ಸುಮಾರು 300 ಮಾದರಿಗಳು ಬೇಕು. ಆಗಲೂ ಹೇಳಬಹುದಾದುದು 'ರೋಗ ಇದ್ದರೆ ಬಹುಶಃ ಶೇ 1ಕ್ಕಿಂತ ಕಡಿಮೆ ಇದೆ' ಎಂದಷ್ಟೇ ಹೊರತು 'ರೋಗ ಇಲ್ಲ' ಎಂದಲ್ಲ.

ಬೇಟೆಗಾರರಿಂದ ಬರುವ ಮಾದರಿಗಳು ಯಾದೃಚ್ಛಿಕವೂ ಅಲ್ಲ. ರಸ್ತೆಯ ಹತ್ತಿರ ಹೆಚ್ಚು, ದುರ್ಗಮ ಪ್ರದೇಶದಿಂದ ಕಡಿಮೆ ಬರುತ್ತವೆ. ಈ ಕೊರತೆ ನೀಗಿಸಲು ಮಾದರಿಗಳಿಗೆ ತೂಕ ಕೊಡುವ ವಿಧಾನ ಬಳಕೆಗೆ ಬಂದಿದೆ. ರೋಗಲಕ್ಷಣವಿರುವ ಒಂದು ಜಿಂಕೆಗೆ ಹಲವು ಮಾದರಿಗಳ ಬೆಲೆ. ವಾಹನಕ್ಕೆ ಸಿಕ್ಕಿ ಸತ್ತದ್ದಕ್ಕೂ ವಯಸ್ಕ ಗಂಡಿಗೂ ಹೆಚ್ಚಿನ ಬೆಲೆ. ಮರಿಗೆ ತೀರಾ ಕಡಿಮೆ.

ತಡವಾದರೆ ಆಗುವುದೇನು?

ಅರ್ಕನ್ಸಾ ರಾಜ್ಯದ ಬಫಲೋ ನದಿಯ ಬಳಿ 2015ರ ಅಕ್ಟೋಬರ್‌ನಲ್ಲಿ ಬೇಟೆಯಾಡಿದ ಎಲ್ಕ್ ಒಂದರಲ್ಲಿ ರೋಗವಿರುವುದು 2016ರ ಫೆಬ್ರವರಿಯಲ್ಲಿ ತಿಳಿಯಿತು. ಅದು ರಾಜ್ಯದ ಮೊದಲ ಪ್ರಕರಣ. ಬೆನ್ನಲ್ಲೇ ಸುತ್ತಲಿನ ಜಿಂಕೆಗಳನ್ನು ಪರೀಕ್ಷಿಸಿದಾಗ ಶೇ 23ರಷ್ಟರಲ್ಲಿ ಸೋಂಕು ಕಂಡುಬಂತು. ಮೊದಲ ಪ್ರಕರಣವೆಂದು ತಿಳಿದದ್ದು ವಾಸ್ತವದಲ್ಲಿ ಮೊದಲನೆಯದಾಗಿರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಅನುಭವ ಇದಕ್ಕೆ ವಿರುದ್ಧ. 2005ರಲ್ಲಿ ಓನೈಡಾ ಕೌಂಟಿಯಲ್ಲಿ ಸಾಕಿದ ಜಿಂಕೆಗಳಲ್ಲೂ, ಬಳಿಕ ಎರಡು ಕಾಡುಜಿಂಕೆಗಳಲ್ಲೂ ರೋಗ ಪತ್ತೆಯಾದ ಕೂಡಲೇ ಸುತ್ತಲಿನ ಜಿಂಕೆಗಳನ್ನು ತೆಗೆದು ಪರೀಕ್ಷಿಸಲಾಯಿತು. ಅನಂತರ ವರ್ಷಾನುವರ್ಷ ನಡೆದ ತಪಾಸಣೆಯಲ್ಲಿ ಅಲ್ಲಿನ ಕಾಡುಜಿಂಕೆಗಳಲ್ಲಿ ರೋಗ ಮತ್ತೆ ಕಾಣಲಿಲ್ಲ.

ವಿಶ್ವಾಸವೇ ಬಂಡವಾಳ

ರೋಗ ಪತ್ತೆಯಾದ ಬಳಿಕದ ಹಾದಿಯೇ ಕಠಿಣ. 2002ರಲ್ಲಿ ವಿಸ್ಕಾನ್ಸಿನ್ ಸರ್ಕಾರ ಸೋಂಕಿನ ವಲಯದ ಜಿಂಕೆಗಳನ್ನು ನಿರ್ಮೂಲ ಮಾಡುವ ಯೋಜನೆ ಪ್ರಕಟಿಸಿತು. ಆ ಒಂದೇ ಬೇಟೆ ಋತುವಿನಲ್ಲಿ ರಾಜ್ಯಾದ್ಯಂತ ಸುಮಾರು 40 ಸಾವಿರ ಜಿಂಕೆಗಳ ಪರೀಕ್ಷೆ ನಡೆಯಿತು. ಇಷ್ಟು ದೊಡ್ಡ ಪ್ರಯತ್ನಕ್ಕೆ ಬೇಟೆಗಾರರು ಕೈಜೋಡಿಸಿದರೂ ಹಿಂಡನ್ನೇ ಇಲ್ಲವಾಗಿಸುವ ಯೋಜನೆಯನ್ನು ಬಹುಮಂದಿ ಒಪ್ಪಲಿಲ್ಲ. ತಲೆಮಾರುಗಳಿಂದ ತಾತ, ತಂದೆ, ಮಗ ಒಟ್ಟಿಗೆ ಹೋಗುವ ಬೇಟೆಯ ಸಂಪ್ರದಾಯಕ್ಕೆ ಅದು ಕೊಡಲಿ ಪೆಟ್ಟಾಗಿ ಕಂಡಿತು. ಜಮೀನಿನ ಮಾಲೀಕರು ಪ್ರವೇಶ ನಿರಾಕರಿಸಿದರು. ಮಾಂಸದ ಭಯದಿಂದ ಆ ವರ್ಷ ಬೇಟೆ ಪರವಾನಗಿಗಳ ಮಾರಾಟವೂ ಸುಮಾರು ಶೇ 10ರಷ್ಟು ಕುಸಿಯಿತು. ಕೆಲವು ವರ್ಷಗಳ ಬಳಿಕ ಯೋಜನೆಯನ್ನು ಕೈಬಿಡಲಾಯಿತು. ಈಗ ಅದೇ ವಲಯದ ಕೆಲವು ಭಾಗಗಳಲ್ಲಿ ವಯಸ್ಕ ಗಂಡುಗಳ ಪೈಕಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ಸೋಂಕಿತವಾಗಿವೆ.

ಪಕ್ಕದ ಇಲಿನಾಯ್ ರಾಜ್ಯದಲ್ಲೂ 2002ರಲ್ಲೇ ರೋಗ ಪತ್ತೆಯಾಗಿತ್ತು. ಅಲ್ಲಿ ಬೇಟೆ ಋತು ಮುಗಿದ ಬಳಿಕ, ಬೇಟೆಗಾರರ ಮಾದರಿಗಳಿಂದ ಗುರುತಾದ ಸ್ಥಳಗಳಲ್ಲಿ ಮಾತ್ರ ಸರ್ಕಾರಿ ಗುರಿಕಾರರು ಜಿಂಕೆಗಳನ್ನು ತೆಗೆಯುತ್ತಾ ಬಂದರು. ರೋಗ ನಿರ್ಮೂಲವಾಗಲಿಲ್ಲವಾದರೂ ಮೊದಲ ಹತ್ತು ವರ್ಷ ಅದರ ಪ್ರಮಾಣ ಕಡಿಮೆ ಮಟ್ಟದಲ್ಲೇ ಉಳಿಯಿತು. ಪತ್ತೆ ಮಾಡುವುದಷ್ಟೇ ಕಾವಲಲ್ಲ. ಪತ್ತೆಯಾದುದರ ಮೇಲೆ ಕ್ರಮ ಕೈಗೊಳ್ಳಲು ಜನ ಒಪ್ಪಬೇಕೆಂಬುದಕ್ಕೆ ಈ ಎರಡು ರಾಜ್ಯಗಳೇ ನಿದರ್ಶನ.

ಇದರಲ್ಲೊಂದು ಇಕ್ಕಟ್ಟೂ ಇದೆ. ಅಮೆರಿಕದ ವನ್ಯಜೀವಿ ಇಲಾಖೆಗಳ ಆದಾಯದ ದೊಡ್ಡ ಪಾಲು ಬೇಟೆ ಪರವಾನಗಿಗಳಿಂದಲೂ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯನ್ವಯ ಬಂದೂಕು, ಮದ್ದುಗುಂಡುಗಳ ಮೇಲೆ ಸಂಗ್ರಹವಾಗುವ ತೆರಿಗೆಯಿಂದಲೂ ಬರುತ್ತದೆ. ರೋಗಕ್ಕೆ ಹೆದರಿ ಬೇಟೆಗಾರರು ಹಿಂದೆ ಸರಿದರೆ ಮಾದರಿಯೂ ಇಲ್ಲ, ಪರೀಕ್ಷೆಗೆ ಹಣವೂ ಇಲ್ಲ.

ನಾರ್ವೆಯ ಪ್ರಯೋಗ

2016ರ ಮಾರ್ಚ್‌ನಲ್ಲಿ ನಾರ್ವೆಯ ನೂರ್‌ಫೆಲ್ಲಾ ಪರ್ವತಪ್ರದೇಶದ ಹಿಮಸಾರಂಗವೊಂದರಲ್ಲಿ ಯುರೋಪಿನ ಮೊದಲ ಪ್ರಕರಣ ದೃಢಪಟ್ಟಿತು. ಸರ್ಕಾರ ಸೋಂಕಿತ ಹಿಂಡನ್ನು ಪೂರ್ತಿಯಾಗಿ ತೆಗೆಯಲು ನಿರ್ಧರಿಸಿತು. 2017ರ ಬೇಟೆ ಋತುವಿನಲ್ಲಿ ಬೇಟೆಗಾರರು ಆರಂಭಿಸಿದ ಕೆಲಸವನ್ನು 2018ರಲ್ಲಿ ಸರ್ಕಾರಿ ಸಿಬ್ಬಂದಿ ಮುಗಿಸಿದರು. ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳನ್ನು ತೆಗೆಯಲಾಯಿತು. ಆ ಹಿಂಡಿನಲ್ಲಿ ಒಟ್ಟು 19 ಸೋಂಕಿತ ಪ್ರಾಣಿಗಳು ಸಿಕ್ಕವು. ದೇಶಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಪ್ರಾಣಿಗಳ ಪರೀಕ್ಷೆ ನಡೆದಿದೆ. ಹೀಗಿದ್ದರೂ 2020ರ ಸೆಪ್ಟೆಂಬರ್‌ನಲ್ಲಿ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ ಬೇಟೆಯಾಡಿದ ಗಂಡು ಹಿಮಸಾರಂಗವೊಂದರಲ್ಲಿ ಮತ್ತೆ ರೋಗ ಕಂಡುಬಂತು. ಅಲ್ಲಿಯೂ ಸುಳಿವು ಕೊಟ್ಟದ್ದು ಬೇಟೆಯಲ್ಲಿ ಸಿಕ್ಕ ಪ್ರಾಣಿಯೇ.

ಮಾಂಸ ತಿನ್ನಬಹುದೇ?

ಮನುಷ್ಯರಿಗೆ ಈ ರೋಗ ತಗುಲಿದ ದೃಢಪಟ್ಟ ಪ್ರಕರಣ ಈವರೆಗೆ ಇಲ್ಲ. 2005ರಲ್ಲಿ ನ್ಯೂಯಾರ್ಕ್‌ನ ಔತಣಕೂಟವೊಂದರಲ್ಲಿ ಸೋಂಕಿತ ಜಿಂಕೆಯ ಮಾಂಸ ಬಡಿಸಲಾಗಿದ್ದುದು ಬಳಿಕ ತಿಳಿದು, ಭಾಗವಹಿಸಿದವರಲ್ಲಿ ಸುಮಾರು 80 ಮಂದಿಯ ಆರೋಗ್ಯವನ್ನು ಆರು ವರ್ಷ ಗಮನಿಸಲಾಯಿತು. ರೋಗದ ಸೂಚನೆ ಕಾಣಲಿಲ್ಲ. ಆದರೆ ಹುಚ್ಚು ಹಸು ರೋಗ ಮನುಷ್ಯರಿಗೆ ದಾಟಿದ ಉದಾಹರಣೆ ಕಣ್ಣಮುಂದಿರುವುದರಿಂದ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಲಹೆ ನೀಡಿದೆ. ಬೇಯಿಸುವುದರಿಂದ ಪ್ರಿಯಾನ್ ನಾಶವಾಗುವುದಿಲ್ಲ.

ಬೇಟೆಗಾರರಿಗೆ ನೀಡಲಾಗುವ ಮುಖ್ಯ ಸೂಚನೆಗಳು ಇವು:

* ರೋಗವಿರುವ ಪ್ರದೇಶದಲ್ಲಿ ಫಲಿತಾಂಶ ಬರುವವರೆಗೆ ಮಾಂಸ ತಿನ್ನದಿರುವುದು, ಪ್ರತಿ ಜಿಂಕೆಯ ಮಾಂಸವನ್ನು ಪ್ರತ್ಯೇಕವಾಗಿ ಗುರುತು ಮಾಡಿ ಇಡುವುದು.
* ಕೈಗವಸು ಧರಿಸುವುದು; ಮಿದುಳು, ಬೆನ್ನುಹುರಿ, ಗುಲ್ಮ, ದುಗ್ಧಗ್ರಂಥಿಗಳನ್ನು ಮುಟ್ಟದಿರುವುದು.
* ತಲೆ ಮತ್ತು ಬೆನ್ನೆಲುಬನ್ನು ರೋಗವಲಯದಿಂದ ಹೊರಗೆ ಸಾಗಿಸದೆ, ಮೂಳೆ ಬಿಡಿಸಿದ ಮಾಂಸವನ್ನಷ್ಟೇ ಒಯ್ಯುವುದು.
* ಜಿಂಕೆಗಳನ್ನು ಒಂದೆಡೆ ಗುಂಪುಗೂಡಿಸುವ ಕಾಳು, ಉಪ್ಪಿನ ಆಮಿಷ ಇಡದಿರುವುದು.
* ಅಸ್ವಸ್ಥವಾಗಿ ಕಾಣುವ ಜಿಂಕೆಯ ಬಗ್ಗೆ ಇಲಾಖೆಗೆ ತಿಳಿಸುವುದು.

ಭಾರತದ ಸ್ಥಿತಿ

ಭಾರತದಲ್ಲಿ ಈ ರೋಗ ವರದಿಯಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಾರಣ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ. ಬೇಟೆಗಾರರ ಮೂಲಕ ಕಾವಲಿನ ಪ್ರಶ್ನೆಯೂ ಇಲ್ಲ. ಆದರೆ ಕಾಡಿನ ರೋಗದ ಸುಳಿವು ಜನರಿಂದಲೇ ಸಿಗಬೇಕೆಂಬ ತತ್ತ್ವ ಮಲೆನಾಡಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಾದಂದಿನಿಂದ, ಸತ್ತ ಮಂಗ ಕಂಡರೆ ಹಳ್ಳಿಗರು ಆರೋಗ್ಯ ಇಲಾಖೆಗೆ ತಿಳಿಸುವುದೇ ಅಲ್ಲಿನ ಮೊದಲ ಎಚ್ಚರಿಕೆಯ ಗಂಟೆಯಾಗಿದೆ.

ಸೊರಗು ರೋಗದ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಇಲ್ಲಿ ಸತ್ತು ಬಿದ್ದ ಪ್ರಾಣಿ ಕಾಣುವ ಹೊತ್ತಿಗೆ ರೋಗ ನೆಲಕ್ಕಿಳಿದಿರುತ್ತದೆ. ಆರೋಗ್ಯವಾಗಿ ಕಾಣುವ ಜಿಂಕೆಯ ತಲೆಯನ್ನೂ ಪರೀಕ್ಷೆಗೆ ಕೊಡಲು ಬೇಟೆಗಾರ ಮುಂದಾದರೆ ಮಾತ್ರ ಅದಕ್ಕಿಂತ ಮೊದಲೇ ಸುಳಿವು ಸಿಗಲು ಸಾಧ್ಯ.