ವಿಜಯನಗರದ ವಿದೇಶಿ ವ್ಯಾಪಾರದಲ್ಲಿ ಹಣಪಾವತಿ ಮತ್ತು ದುಭಾಷಿಗಳು

ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಇಂದಿನ ಹಂಪಿ ಪ್ರದೇಶವು 15 ಮತ್ತು 16ನೆಯ ಶತಮಾನಗಳಲ್ಲಿ ಪರ್ಷಿಯಾ ಕೊಲ್ಲಿಯ ಹೊರ್ಮುಜ್, ಅರಬ್ ದೇಶಗಳು ಹಾಗೂ ಪೋರ್ಚುಗೀಸರ ಗೋವೆಯೊಂದಿಗೆ ನಿರಂತರ ವ್ಯಾಪಾರ ಸಂಬಂಧ ಹೊಂದಿತ್ತು. ಈ ವ್ಯಾಪಾರದಲ್ಲಿ ಎರಡು ತೊಡಕುಗಳಿದ್ದವು. ಸಮುದ್ರದಾಚೆಯ ವರ್ತಕನಿಗೆ ಅವನು ಒಪ್ಪುವ ನಾಣ್ಯದಲ್ಲಿ ಬೆಲೆ ಸಲ್ಲಿಸುವುದು ಒಂದು. ಕನ್ನಡ, ತೆಲುಗು ಅರಿಯದ ವರ್ತಕ ಅಥವಾ ರಾಯಭಾರಿಯೊಂದಿಗೆ ಮಾತುಕತೆ ನಡೆಸುವುದು ಇನ್ನೊಂದು. ಈ ಕುರಿತು ಹೆಚ್ಚಿನ ಮಾಹಿತಿ ದೊರೆಯುವುದು ವಿದೇಶಿ ಪ್ರವಾಸಿಗರಾದ ಅಬ್ದುರ್ ರಜಾಕ್, ಡೊಮಿಂಗೊ ಪಾಯಸ್, ಫೆರ್ನಾವೊ ನೂನಿಜ್ ಮತ್ತು ಸೀಸರ್ ಫ್ರೆಡರಿಕ್ ಅವರ ಬರಹಗಳಿಂದ.

ಹಿನ್ನೆಲೆ

ವಿಜಯನಗರದ ವಿದೇಶಿ ವ್ಯಾಪಾರದ ಕೇಂದ್ರದಲ್ಲಿ ಇದ್ದದ್ದು ಕುದುರೆ. ದಖ್ಖನಿನ ಹವೆಯಲ್ಲಿ ಉತ್ತಮ ತಳಿಯ ಯುದ್ಧಾಶ್ವಗಳನ್ನು ಬೆಳೆಸುವುದು ಕಷ್ಟವಾಗಿತ್ತು. ಬಹಮನಿ ಸುಲ್ತಾನರು ಹಾಗೂ ಅವರ ನಂತರದ ಬಿಜಾಪುರದ ಆದಿಲ್‌ಶಾಹಿಗಳ ಅಶ್ವದಳವನ್ನು ಎದುರಿಸಲು ರಾಯರಿಗೆ ಅರಬ್ಬೀ ಮತ್ತು ಪಾರಸಿ ಕುದುರೆಗಳು ಬೇಕಾಗಿದ್ದವು. ಇವು ಹೊರ್ಮುಜ್‌ನಿಂದ ಹಡಗಿನಲ್ಲಿ ಭಟ್ಕಳ, ಹೊನ್ನಾವರ ಮೊದಲಾದ ರೇವುಗಳಿಗೆ ಬಂದು, ಅಲ್ಲಿಂದ ಘಟ್ಟವನ್ನೇರಿ ರಾಜಧಾನಿಯನ್ನು ತಲುಪುತ್ತಿದ್ದವು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಹೊರ್ಮುಜ್ ಅನ್ನೂ ವಶಪಡಿಸಿಕೊಂಡ ಬಳಿಕ ಈ ವ್ಯಾಪಾರದ ಎರಡೂ ತುದಿಗಳು ಅವರ ಹಿಡಿತಕ್ಕೆ ಸಿಕ್ಕವು. ಅಂದಿನಿಂದ ಕುದುರೆಯ ಖರೀದಿ ಕೇವಲ ಚೌಕಾಸಿಯ ವಿಷಯವಾಗಿ ಉಳಿಯದೆ ರಾಜತಂತ್ರದ ವಿಷಯವಾಯಿತು.

ಕೃಷ್ಣದೇವರಾಯನು (ಆಳ್ವಿಕೆ 1509–1529) ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ ಇದರ ಪ್ರಸ್ತಾಪವಿದೆ. ಆನೆ ಮತ್ತು ಒಳ್ಳೆಯ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ದರ್ಶನ, ಉಡುಗೊರೆ ಹಾಗೂ ನ್ಯಾಯವಾದ ಲಾಭವನ್ನು ಕೊಟ್ಟು ಅವರನ್ನು ತನ್ನವರನ್ನಾಗಿ ಮಾಡಿಕೊಳ್ಳಬೇಕು, ಆಗ ಆ ಸರಕು ಶತ್ರುಗಳ ಪಾಲಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಬಿರುಗಾಳಿಗೆ ಸಿಕ್ಕಿಯೋ ಕಾಯಿಲೆಯಿಂದಲೋ ದಡ ಸೇರಿದ ಪರದೇಶದ ನಾವಿಕರನ್ನು ಅವರವರ ದೇಶಾಚಾರಕ್ಕೆ ತಕ್ಕಂತೆ ನೋಡಿಕೊಳ್ಳಬೇಕೆಂದೂ ಅಲ್ಲಿ ಹೇಳಿದೆ.

ನಾಣ್ಯಗಳು

ರಾಜ್ಯದ ಮುಖ್ಯ ಚಿನ್ನದ ನಾಣ್ಯ ವರಹ. ಸುಮಾರು 3.4 ಗ್ರಾಂ ತೂಕದ ಈ ನಾಣ್ಯಕ್ಕೆ ಗದ್ಯಾಣ, ಹೊನ್ನು ಎಂಬ ಹೆಸರುಗಳೂ ಬಳಕೆಯಲ್ಲಿದ್ದವು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕ್ ನಾಣ್ಯಗಳ ಶ್ರೇಣಿಯನ್ನು ಕ್ರಮವಾಗಿ ವಿವರಿಸಿದ್ದಾನೆ. ಅವನ ಪ್ರಕಾರ ವರಹದ ಅರ್ಧ ಪ್ರತಾಪ. ಪ್ರತಾಪದ ಹತ್ತನೆಯ ಒಂದು ಭಾಗ ಹಣ. ಹಣದ ಆರನೆಯ ಒಂದು ಭಾಗ ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಭಾಗ ತಾಮ್ರದ ಜಿತಲ್. ಈ ಲೆಕ್ಕದಂತೆ ಒಂದು ವರಹಕ್ಕೆ 20 ಹಣ, 120 ತಾರ ಅಥವಾ 360 ಜಿತಲ್ ಆಗುತ್ತದೆ. ಒಂದು ನಾಣ್ಯದ ಹೆಸರಾಗಿದ್ದ ‘ಹಣ’ ಇಂದಿನ ಕನ್ನಡದಲ್ಲಿ ಎಲ್ಲ ಬಗೆಯ ದುಡ್ಡಿಗೂ ಸಾಮಾನ್ಯ ಪದವಾಗಿ ಉಳಿದಿದೆ.

ವಿದೇಶಿಯರು ಈ ಹೆಸರುಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಪ್ರತಾಪ ಎಂಬುದು ಪೋರ್ಚುಗೀಸರ ಬಾಯಲ್ಲಿ ‘ಪರ್ದಾವ್’ ಆಯಿತು, ಹಣ ‘ಫನಾವ್’ ಆಯಿತು. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಗೊಂದಲವಿದೆ. ರಜಾಕನ ಲೆಕ್ಕದಲ್ಲಿ ಪ್ರತಾಪವು ಅರ್ಧ ವರಹವಾದರೆ, ಪೋರ್ಚುಗೀಸರ ಚಿನ್ನದ ಪರ್ದಾವ್ ಸಾಮಾನ್ಯವಾಗಿ ಪೂರ್ಣ ವರಹವನ್ನೇ ಸೂಚಿಸುತ್ತದೆ. ಪಾಯಸ್ ಅದರ ಬೆಲೆಯನ್ನು 360 ರೇಯಿಸ್ ಎಂದು ನಮೂದಿಸಿ, ಈ ನಾಣ್ಯ ಭಾರತದಾದ್ಯಂತ ಚಲಾವಣೆಯಲ್ಲಿದೆ ಎಂದಿದ್ದಾನೆ. ಆದುದರಿಂದ ಎರಡು ಮೂಲಗಳಲ್ಲಿನ ಮೊತ್ತಗಳನ್ನು ಹೆಸರಿನ ಹೋಲಿಕೆಯ ಮೇಲಷ್ಟೇ ಹೋಲಿಸುವುದು ಸರಿಯಲ್ಲ.

ವಿದೇಶಿ ವರ್ತಕನ ದೃಷ್ಟಿಯಲ್ಲಿ ವರಹದ ಮಹತ್ವವಿದ್ದುದು ಅದರ ಚಿನ್ನದಲ್ಲಿ. ನಾಣ್ಯದ ಮೇಲಿನ ಬರಹವನ್ನು ಓದಲಾರದವನೂ ಒರೆಗಲ್ಲು ಮತ್ತು ತಕ್ಕಡಿಯಿಂದ ಅದರ ಬೆಲೆಯನ್ನು ಅರಿಯಬಹುದಾಗಿತ್ತು. ಇಟಲಿಯ ನಿಕೊಲೊ ಕಾಂಟಿಯು ಭಾರತದ ಕೆಲವು ಭಾಗಗಳಲ್ಲಿ ವೆನಿಸ್ ನಗರದ ಡುಕಾಟ್ ಚಲಾವಣೆಯಲ್ಲಿತ್ತೆಂದು ಹೇಳಿರುವುದಕ್ಕೂ ಇದೇ ಕಾರಣವಿದ್ದೀತು.

ರಜಾಕ್ ವರ್ಣಿಸಿರುವ ಟಂಕಸಾಲೆಯ ವ್ಯವಸ್ಥೆಯೂ ಮುಖ್ಯವಾದುದು. ಪ್ರಾಂತಗಳಿಂದ ಬಂದ ಚಿನ್ನ ನಿಗದಿತ ಅವಧಿಯಲ್ಲಿ ಟಂಕಸಾಲೆಗೆ ಸೇರುತ್ತಿತ್ತು. ಯಾರಿಗಾದರೂ ಹಣ ಸಲ್ಲಬೇಕಾದರೆ ಅದರ ಮೇಲೆ ಆಜ್ಞೆ ಹೊರಡುತ್ತಿತ್ತು. ಸೈನಿಕರ ಸಂಬಳವನ್ನು ನಾಲ್ಕು ತಿಂಗಳಿಗೊಮ್ಮೆ ಅಲ್ಲಿಂದಲೇ ಕೊಡಲಾಗುತ್ತಿತ್ತು. ಬರವಣಿಗೆಯಲ್ಲಿ ಎರಡು ಬಗೆಯಿತ್ತೆಂದೂ ಅವನು ತಿಳಿಸುತ್ತಾನೆ. ಒಂದು, ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಇನ್ನೊಂದು, ಕಪ್ಪು ಮಾಡಿದ ಹಾಳೆಯ ಮೇಲೆ ಮೆದುಕಲ್ಲಿನಿಂದ ಬರೆಯುವುದು. ಎರಡನೆಯದು ಕರ್ನಾಟಕದ ವರ್ತಕರು ಮುಂದೆಯೂ ಬಹುಕಾಲ ಲೆಕ್ಕಕ್ಕೆ ಬಳಸಿದ ಕಡತವನ್ನು ಹೋಲುತ್ತದೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿಯನ್ನು ಬಳಿದು, ಮಡಿಕೆ ಮಾಡಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು.

ದುಭಾಷಿಗಳು ಮತ್ತು ನಂಬಿಕೆಯ ಪ್ರಶ್ನೆ

ಎರಡು ಭಾಷೆ ಬಲ್ಲ ಮಧ್ಯವರ್ತಿಯನ್ನು ಭಾರತದ ಭಾಷೆಗಳಲ್ಲಿ ದುಭಾಷಿ ಎನ್ನುತ್ತಾರೆ. ಪೋರ್ಚುಗೀಸರು ಇಂಥವನನ್ನು ‘ಲಿಂಗ್ವಾ’, ಅಂದರೆ ನಾಲಗೆ, ಎಂದು ಕರೆಯುತ್ತಿದ್ದರು. ಕಾಂಟಿಯು ದಮಾಸ್ಕಸ್‌ನಲ್ಲಿ ಅರಬ್ಬಿಯನ್ನೂ ದಾರಿಯಲ್ಲಿ ಪಾರಸಿಯನ್ನೂ ಕಲಿತು ಬಂದವನು. ಕಣ್ಣೂರಿನ ಪೋರ್ಚುಗೀಸ್ ಕೋಠಿಯಲ್ಲಿ ಬರಹಗಾರನಾಗಿದ್ದ ದುವಾರ್ತೆ ಬಾರ್ಬೊಸಾನಿಗೆ ಮಲೆಯಾಳ ಚೆನ್ನಾಗಿ ಬರುತ್ತಿತ್ತು. ಇಂಥವರು ವಿರಳ. ಹೆಚ್ಚಿನವರು ಕರಾವಳಿಯ ಸ್ಥಳೀಯರನ್ನೇ ಅವಲಂಬಿಸಬೇಕಾಗಿತ್ತು. ಹೊನ್ನಾವರದ ತಿಮ್ಮೋಜ (ತಿಮ್ಮಯ್ಯ) ಈ ಬಗೆಯ ಮಧ್ಯವರ್ತಿಗಳಲ್ಲಿ ಪ್ರಸಿದ್ಧ. 1510ರಲ್ಲಿ ಅಲ್ಬುಕರ್ಕ್ ಗೋವೆಯ ಮೇಲೆ ದಾಳಿ ಮಾಡಲು ಮಾಹಿತಿಯನ್ನೂ ನೆರವನ್ನೂ ಕೊಟ್ಟವನು ಇವನೇ. ಅದೇ ವರ್ಷ ಅಲ್ಬುಕರ್ಕ್ ಫ್ರಾನ್ಸಿಸ್ಕನ್ ಪಾದ್ರಿ ಲೂಯಿಸ್‌ನನ್ನು ಕೃಷ್ಣದೇವರಾಯನ ಬಳಿಗೆ ರಾಯಭಾರಿಯಾಗಿ ಕಳುಹಿಸಿದನು.

ಭಾಷೆ ಬಾರದ ಅತಿಥಿ ಎಷ್ಟು ಅಸಹಾಯಕನಾಗಬಲ್ಲನೆಂಬುದಕ್ಕೆ ರಜಾಕನ ಅನುಭವವೇ ನಿದರ್ಶನ. ಅವನು ಹೆರಾತಿನ ತೈಮೂರಿ ದೊರೆ ಶಾರುಖ್‌ನ ರಾಯಭಾರಿ. ಮೊದಲ ಭೇಟಿಯಲ್ಲಿ ದೇವರಾಯನು ದುಭಾಷಿಯ ಮೂಲಕ ಅವನೊಂದಿಗೆ ಮಾತನಾಡಿದನು. ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳ ಜೊತೆಗೆ ಎರಡು ವರಹ ಭತ್ಯೆ ಗೊತ್ತಾಯಿತು. ಆದರೆ ನಗರದಲ್ಲಿದ್ದ ಹೊರ್ಮುಜ್‌ನ ಕೆಲವರು ಇವನು ನಿಜವಾದ ರಾಯಭಾರಿಯಲ್ಲ, ಬರಿಯ ವರ್ತಕ ಎಂದು ಗುಲ್ಲೆಬ್ಬಿಸಿದರು. ಪರಭಾಷೆಯ ಪತ್ರದ ಅಧಿಕೃತತೆಯನ್ನು ನಿರ್ಧರಿಸಲು ಆಸ್ಥಾನಕ್ಕಿದ್ದ ದಾರಿ ಅದೇ ಭಾಷೆಯ ಬೇರೆಯವರ ಮಾತು. ಆ ಬೇರೆಯವರೋ ಅವನ ಪ್ರತಿಸ್ಪರ್ಧಿಗಳು. ದಣ್ಣಾಯಕನು ದಂಡಯಾತ್ರೆಗೆ ಹೋಗಿದ್ದಾಗ ಅವನ ಸ್ಥಾನದಲ್ಲಿದ್ದ ಅಧಿಕಾರಿ ಭತ್ಯೆಯನ್ನೇ ನಿಲ್ಲಿಸಿಬಿಟ್ಟನು. ದಣ್ಣಾಯಕ ಹಿಂದಿರುಗಿ, ವಿಷಯ ತಿಳಿದು ಕೋಪಗೊಂಡು, ಅದೇ ದಿನ ಟಂಕಸಾಲೆಯಿಂದ 7,000 ವರಹ ಕೊಡುವಂತೆ ಆಜ್ಞೆ ಮಾಡಿದನೆಂದು ರಜಾಕ್ ಬರೆದಿದ್ದಾನೆ.

ಊರು ಮತ್ತು ವ್ಯಕ್ತಿಗಳ ಹೆಸರುಗಳೂ ಭಾಷೆಯಿಂದ ಭಾಷೆಗೆ ದಾಟುವಾಗ ರೂಪ ಬದಲಿಸಿದವು. ವಿಜಯನಗರವು ಕಾಂಟಿಯ ಕಥನದಲ್ಲಿ ಬಿಜೆನೆಗಾಲಿಯ, ಪೋರ್ಚುಗೀಸರಲ್ಲಿ ಬಿಸ್ನಗ. ಸಾಳುವ ನರಸಿಂಹನ ಹೆಸರು ರಾಜ್ಯಕ್ಕೇ ಅಂಟಿಕೊಂಡು, ಅವನ ವಂಶ ಅಳಿದ ಮೇಲೂ ಪೋರ್ಚುಗೀಸರು ಅದನ್ನು ‘ನರ್ಸಿಂಗ’ ಎಂದೇ ಕರೆದರು. ಭಟ್ಕಳ ಬಟೆಕಾಲ, ಹೊನ್ನಾವರ ಓನೋರ್ ಆದವು.

ಕುದುರೆಯ ಬೆಲೆ

ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ 1535ರ ಸುಮಾರಿಗೆ ವಿಜಯನಗರದಲ್ಲಿದ್ದನು. ಕೃಷ್ಣದೇವರಾಯನು ಹೊರ್ಮುಜ್ ಮತ್ತು ದೇಶೀ ತಳಿಗಳು ಸೇರಿ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಅವನು ಹೇಳುತ್ತಾನೆ. ಸಾಳುವ ನರಸಿಂಹನ ಕಾಲದ ಪದ್ಧತಿಯೊಂದನ್ನೂ ಅವನು ದಾಖಲಿಸಿದ್ದಾನೆ. ಆ ರಾಯನು ಸಾವಿರ ಪರ್ದಾವ್‌ಗೆ ಮೂರರಂತೆ, ಬದುಕಿದ ಹಾಗೂ ಸತ್ತ ಕುದುರೆಗಳೆರಡನ್ನೂ ಕೊಳ್ಳುತ್ತಿದ್ದನು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಬದುಕಿದ್ದುದಕ್ಕೆ ಕೊಡುವಷ್ಟೇ ಹಣ ಸಿಗುತ್ತಿತ್ತು.

ಕೇಳಲು ವಿಚಿತ್ರವೆನಿಸಿದರೂ ಇದರ ಅರ್ಥ ಸ್ಪಷ್ಟ. ಪ್ರಯಾಣದ ನಷ್ಟವನ್ನು ಕೊಳ್ಳುವವನೇ ಹೊರುತ್ತಿದ್ದುದರಿಂದ ವರ್ತಕನು ಧೈರ್ಯದಿಂದ ಹಡಗು ತುಂಬಬಹುದಾಗಿತ್ತು. ಬಾಲವು ಯಾವ ದುಭಾಷಿಯೂ ಬೇಕಿಲ್ಲದ ರಸೀದಿಯಾಗಿತ್ತು.

ಹೊಸಪೇಟೆಯ ಕೆರೆ

ಭಾಷೆಯ ಅಂತರ ಮಾತಿಗಷ್ಟೇ ಸೀಮಿತವಾಗಿರಲಿಲ್ಲ. ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಸ್ಥಳದಲ್ಲಿ ನಾಗಲಾಪುರ ಎಂಬ ಪಟ್ಟಣವನ್ನು ಕಟ್ಟಿಸಿ, ಅದರ ಸಮೀಪ ದೊಡ್ಡ ಕೆರೆಯೊಂದನ್ನು ನಿರ್ಮಿಸಲು ಗೋವೆಯ ಪೋರ್ಚುಗೀಸ್ ಗವರ್ನರನಿಂದ ಕಲ್ಲುಕೆಲಸದವರನ್ನು ಕೇಳಿದನು. ಹಾಗೆ ಬಂದವನು ಜೊವಾವೊ ಡೆಲ್ಲಾ ಪೊಂಟೆ. ನೂನಿಜ್ ಹೇಳುವಂತೆ ಅವನು ಮೊದಲು ಸುಣ್ಣದ ಗೂಡುಗಳನ್ನು ಹಾಕಿಸಬೇಕೆಂದಾಗ ರಾಯನು ನಕ್ಕು, ಭಾರಿ ಬಂಡೆಗಳನ್ನು ಕಣಿವೆಗೆ ಉರುಳಿಸುವಂತೆ ಆಜ್ಞಾಪಿಸಿದನು. ಪಾಯಸ್ ಈ ಕಾಮಗಾರಿಯನ್ನು ಕಣ್ಣಾರೆ ಕಂಡಿದ್ದು, 15ರಿಂದ 20 ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಇಬ್ಬರು ಪರಿಣತರ ನಡುವೆ ಬರಿಯ ಪದಗಳ ಅನುವಾದ ಸಾಕಾಗಲಿಲ್ಲವೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಕಟ್ಟೆಯೆಂದರೆ ಏನು ಎಂಬುದರ ಕಲ್ಪನೆಯೇ ಇಬ್ಬರಲ್ಲೂ ಬೇರೆಯಾಗಿತ್ತು.

1547ರ ಒಪ್ಪಂದ

1547ರ ಸೆಪ್ಟೆಂಬರ್ 19ರಂದು, ಸದಾಶಿವರಾಯನ ಆಳ್ವಿಕೆಯಲ್ಲಿ, ಗವರ್ನರ್ ಜೊವಾವೊ ಡಿ ಕ್ಯಾಸ್ಟ್ರೊನೊಂದಿಗೆ ಆದ ಒಪ್ಪಂದದಿಂದ ವ್ಯಾಪಾರವು ಲಿಖಿತ ಷರತ್ತುಗಳಿಗೆ ಒಳಪಟ್ಟಿತು. ಗೋವೆಗೆ ಬಂದ ಕುದುರೆಗಳು ಬಿಜಾಪುರಕ್ಕಲ್ಲದೆ ವಿಜಯನಗರಕ್ಕೇ ಹೋಗುವಂತೆ ಪೋರ್ಚುಗೀಸರು ನೋಡಿಕೊಳ್ಳಬೇಕಾಗಿತ್ತು. ವಿಜಯನಗರದ ಸುರುಪುಪ್ಪು ಮತ್ತು ಕಬ್ಬಿಣ ಕರಾವಳಿಯಲ್ಲಿ ಪೋರ್ಚುಗೀಸರಿಗೆ ಮಾರಾಟವಾಗಬೇಕಾಗಿತ್ತು. ಬಟ್ಟೆ ಅಂಕೋಲಾ ಮತ್ತು ಹೊನ್ನಾವರಕ್ಕೆ ಬರಬೇಕಾಗಿತ್ತು. ಪ್ರತಿಯಾಗಿ ತಾಮ್ರ, ಹವಳ, ಇಂಗಳೀಕ, ಪಾದರಸ, ಚೀನಾ ರೇಷ್ಮೆಗಳನ್ನು ವಿಜಯನಗರದ ವರ್ತಕರು ಕೊಳ್ಳಬೇಕಾಗಿತ್ತು. ಸರಕಿಗೆ ಸರಕು ಹೀಗೆ ಎದುರುಬದುರಾಗಿ ನಿಂತಾಗ ಅಷ್ಟೂ ಮೊತ್ತವನ್ನು ಚಿನ್ನದಲ್ಲಿ ಸಾಗಿಸುವ ಅಗತ್ಯ ಕಡಿಮೆಯಾಗುತ್ತದೆ. ಒಪ್ಪಂದದ ರಾಜಕೀಯ ಮುಖದ ಬಗ್ಗೆ ಬರೆದಷ್ಟು ಈ ಮುಖದ ಬಗ್ಗೆ ಬರೆದವರು ಕಡಿಮೆ.

1565ರ ನಂತರ

1565ರ ಜನವರಿಯ ತಾಳೀಕೋಟೆ (ರಕ್ಕಸಗಿ–ತಂಗಡಗಿ) ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. 1567ರಲ್ಲಿ ಅಲ್ಲಿಗೆ ಬಂದು ಏಳು ತಿಂಗಳು ತಂಗಿದ್ದ ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್ ಕುಸಿದ ವ್ಯವಸ್ಥೆಯನ್ನು ಕಂಡವನು. ನಗರವನ್ನು ಮತ್ತೆ ನೆಲೆಗೊಳಿಸಲು ಬಯಸಿದ ತಿರುಮಲನು ಕುದುರೆ ತರುವವರಿಗೆ ಅಭಯವಿತ್ತನು. ಯುದ್ಧದಲ್ಲಿ ತನ್ನ ಪಡೆಯಿಂದ ಕಳೆದುಹೋದ, ಮುದ್ರೆಯುಳ್ಳ ಕುದುರೆಗಳನ್ನು ತಂದರೂ ಬೆಲೆ ಕೊಡುವುದಾಗಿ ಸಾರಿದನು. ನಂಬಿ ಬಂದ ವರ್ತಕರಿಂದ ಸಾಕಷ್ಟು ಕುದುರೆಗಳನ್ನು ಪಡೆದ ಮೇಲೆ ಒಂದು ಕಾಸನ್ನೂ ಕೊಡದೆ ಅವರನ್ನು ಹೊರಗಟ್ಟಿದನು. ಅವರು ದುಃಖದಿಂದ ಹುಚ್ಚರಂತಾದರೆಂದು ಫ್ರೆಡರಿಕ್ ಬರೆದಿದ್ದಾನೆ. ಸತ್ತ ಕುದುರೆಯ ಬಾಲಕ್ಕೂ ಹಣ ಸಿಗುತ್ತಿದ್ದ ಕಾಲದಿಂದ ಇಲ್ಲಿಗೆ ಒಂದು ಶತಮಾನವೂ ಸಂದಿರಲಿಲ್ಲ.

ಅಲ್ಲಿಂದ ಗೋವೆಗೆ ಹೊರಟ ಫ್ರೆಡರಿಕ್ ದಾರಿಯುದ್ದಕ್ಕೂ ಚಿಲ್ಲರೆಗಾಗಿ ಪಾಡುಪಟ್ಟನು. ಒಬ್ಬೊಬ್ಬ ಪಾಳೆಯಗಾರನೂ ತನ್ನದೇ ತಾಮ್ರದ ನಾಣ್ಯ ಹೊರಡಿಸಿದ್ದರಿಂದ ಇಂದು ಪಡೆದ ಕಾಸು ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ.

ಸ್ಥಳಗಳು ಮತ್ತು ಕುರುಹುಗಳು

ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕುದುರೆಗಳನ್ನು ಹಿಡಿದು ನಡೆಸುವ, ಉದ್ದನೆಯ ಅಂಗಿ ಹಾಗೂ ಟೋಪಿ ತೊಟ್ಟ ಪರದೇಶಿಯರನ್ನು ಕಾಣಬಹುದು. ವಿಠ್ಠಲ ದೇವಾಲಯದ ಮುಂದಿನ ಬೀದಿಯಲ್ಲಿರುವ ಕುದುರೆಗೊಂಬೆ ಮಂಟಪದ ಕಂಬಗಳಲ್ಲಿ ಅಶ್ವಾರೋಹಿಗಳ ಶಿಲ್ಪಗಳಿವೆ. ಅರಮನೆಯ ಆವರಣದ ಒಂದು ಭಾಗವನ್ನು ಟಂಕಸಾಲೆ ಎಂದು ಗುರುತಿಸುವುದು ರೂಢಿಯಲ್ಲಿದೆ.

ಕಂಪ್ಲಿಯ ಹೆಸರು ವಿಜಯನಗರಕ್ಕಿಂತ ಮೊದಲೇ ವಿದೇಶಿ ಬರಹಕ್ಕೆ ಸೇರಿದೆ. ಮೊರಾಕ್ಕೊದ ಇಬ್ನ್ ಬತೂತನು 14ನೆಯ ಶತಮಾನದಲ್ಲಿ ಇಲ್ಲಿನ ಕಂಪಿಲರಾಯನು ತುಘಲಕ್ ಸೇನೆಯೆದುರು ಆಶ್ರಿತನನ್ನು ಬಿಟ್ಟುಕೊಡದೆ ಅಳಿದುದನ್ನು ಬರೆದಿದ್ದಾನೆ.

ಸಂಡೂರಿನ ಬೆಟ್ಟಗಳ ಅದಿರು 20ನೆಯ ಶತಮಾನದಲ್ಲಿ ಹೊಸಪೇಟೆಯ ರೈಲುಮಾರ್ಗದ ಮೂಲಕ ಬಂದರುಗಳನ್ನು ಸೇರಿ ಜಪಾನಿಗೂ, 2000ದ ನಂತರ ಹೆಚ್ಚಾಗಿ ಚೀನಾಕ್ಕೂ ರಫ್ತಾಯಿತು. ಈ ಹೊತ್ತಿಗೆ ಪಾವತಿಯ ಹೊಣೆ ಬ್ಯಾಂಕುಗಳ ಸಾಖಪತ್ರಕ್ಕೆ ಸೇರಿತ್ತು, ವ್ಯವಹಾರದ ಭಾಷೆ ಇಂಗ್ಲಿಷ್ ಆಗಿತ್ತು. ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2010ರ ಜುಲೈನಲ್ಲಿ ಅದಿರಿನ ರಫ್ತನ್ನು ನಿಷೇಧಿಸಿತು; ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು.