ಗದ್ದೆ ಮಣ್ಣಿನ ಕ್ಯಾಡ್ಮಿಯಂ, ಆರ್ಸೆನಿಕ್ ಮತ್ತು ಬಯೋಚಾರ್: ಸೂಕ್ಷ್ಮಜೀವಿಗಳ ಪಾತ್ರ

ಹುಲ್ಲು, ಹೊಟ್ಟು, ಕಟ್ಟಿಗೆ ಚೂರುಗಳನ್ನು ಗಾಳಿಯಾಡದ ಕುಲುಮೆಯಲ್ಲಿ ಸುಮಾರು 300ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಪಡೆಯುವ ಇದ್ದಿಲೇ ಬಯೋಚಾರ್. ಇದನ್ನು ಕಲುಷಿತ ಮಣ್ಣಿಗೆ ಸೇರಿಸಿದರೂ ಅಲ್ಲಿನ ಭಾರಲೋಹದ ಒಟ್ಟು ಪ್ರಮಾಣ ಮೊದಲಿನಷ್ಟೇ ಇರುತ್ತದೆ. ಬದಲಾಗುವುದು ಬೇರಿಗೆ ದಕ್ಕುವ ಪಾಲು ಮಾತ್ರ.

ಕ್ಯಾಡ್ಮಿಯಂ ವಿಷಯದಲ್ಲಿ ಈ ಬದಲಾವಣೆ ಸ್ಪಷ್ಟ. ಇದ್ದಿಲಿನ ಬೂದಿಯ ಅಂಶ ಮಣ್ಣಿನ ಪಿಎಚ್ ಏರಿಸುತ್ತದೆ. ಲೋಹದ ಒಂದು ಭಾಗ ಕಾರ್ಬೊನೇಟ್, ಫಾಸ್ಫೇಟ್‌ಗಳಾಗಿ ಗರಣೆಗಟ್ಟುತ್ತದೆ, ಇನ್ನೊಂದು ಭಾಗವನ್ನು ಇದ್ದಿಲ ಮೇಲ್ಮೈಯ ಕಾರ್ಬಾಕ್ಸಿಲ್ ಗುಂಪುಗಳು ಹಿಡಿದಿಡುತ್ತವೆ. ಚೀನಾದ ಜಿಯಾಂಗ್ಸು ಪ್ರಾಂತದ ಕಲುಷಿತ ಗದ್ದೆಯೊಂದರಲ್ಲಿ 2009 ಮತ್ತು 2010ರಲ್ಲಿ ಗೋಧಿ ಹುಲ್ಲಿನ ಬಯೋಚಾರನ್ನು ಹೆಕ್ಟೇರಿಗೆ 10, 20 ಮತ್ತು 40 ಟನ್ ಲೆಕ್ಕದಲ್ಲಿ ಪರೀಕ್ಷಿಸಲಾಯಿತು. 40 ಟನ್ ಹಾಕಿದಲ್ಲಿ ಅಕ್ಕಿಯ ಕ್ಯಾಡ್ಮಿಯಂ ಮೊದಲ ವರ್ಷ ಸುಮಾರು 45%, ಎರಡನೆಯ ವರ್ಷ ಸುಮಾರು 62% ಇಳಿಯಿತು. ಸಣ್ಣ ಹಿಡುವಳಿದಾರನಿಗೆ ಅಷ್ಟು ಇದ್ದಿಲು ಎಲ್ಲಿಂದ ಬರಬೇಕೆಂಬುದು ಬೇರೆಯೇ ಪ್ರಶ್ನೆ.

ಆರ್ಸೆನಿಕ್ ಮಾತ್ರ ಇದಕ್ಕೆ ತಿರುಗುಮುರುಗು. ಅದು ಮಣ್ಣಿನಲ್ಲಿ ಹೆಚ್ಚಾಗಿ ಋಣಾವೇಶದ ಆರ್ಸೆನೇಟ್ ರೂಪದಲ್ಲಿ, ಕಬ್ಬಿಣದ ಆಕ್ಸೈಡ್‌ಗಳಿಗೆ ಅಂಟಿಕೊಂಡಿರುತ್ತದೆ. ಪಿಎಚ್ ಏರಿದಂತೆ ಆ ಅಂಟು ಸಡಿಲವಾಗುತ್ತದೆ. ಇದ್ದಿಲಿನಿಂದ ಬಿಡುಗಡೆಯಾದ ಫಾಸ್ಫೇಟ್ ಅದರ ಜಾಗವನ್ನೇ ಆಕ್ರಮಿಸುತ್ತದೆ. ನೀರು ನಿಂತ ಗದ್ದೆಯಲ್ಲಿ ಸೂಕ್ಷ್ಮಜೀವಿಗಳೂ ಕೈಜೋಡಿಸುತ್ತವೆ. ಆಮ್ಲಜನಕ ಮುಗಿದ ಮೇಲೆ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಉಸಿರಾಟದ ಎಲೆಕ್ಟ್ರಾನ್‌ಗಳನ್ನು ಫೆರಿಕ್ ಕಬ್ಬಿಣಕ್ಕೆ ದಾಟಿಸುತ್ತವೆ, ಆಕ್ಸೈಡ್ ಕರಗಿ ಆರ್ಸೆನಿಕ್ ನೀರಿಗಿಳಿಯುತ್ತದೆ. ಬಯೋಚಾರ್ ಎಲೆಕ್ಟ್ರಾನ್ ಸಾಗಿಸಬಲ್ಲ ವಸ್ತು; ಬ್ಯಾಕ್ಟೀರಿಯಾಕ್ಕೂ ದೂರದ ಖನಿಜ ಕಣಕ್ಕೂ ನಡುವೆ ದೋಣಿಯಂತೆ ಓಡಾಡಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆಮ್ಲಜನಕವಿಲ್ಲದ ಇದೇ ಸ್ಥಿತಿಯಲ್ಲಿ ಆರ್ಸೆನೇಟ್ ಅಪಕರ್ಷಣಗೊಂಡು ಹುಟ್ಟುವ ಆರ್ಸೆನೈಟ್ ಅನ್ನು ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಒಳಗೆಳೆದುಕೊಳ್ಳುತ್ತದೆ. ನೀರು ಬಸಿದರೆ ಆರ್ಸೆನಿಕ್ ತಗ್ಗುತ್ತದೆ, ಆದರೆ ಸಲ್ಫೈಡ್ ಆಗಿ ಹುದುಗಿದ್ದ ಕ್ಯಾಡ್ಮಿಯಂ ಮತ್ತೆ ಬಿಡುಗಡೆಯಾಗುತ್ತದೆ. ಎರಡೂ ಇರುವ ಗದ್ದೆಗೆ ಕಬ್ಬಿಣ ಲೇಪಿಸಿದ ಬಯೋಚಾರ್ ಹೆಚ್ಚು ಸೂಕ್ತವೆಂದು ತೋರುತ್ತದೆ.

ಸೂಕ್ಷ್ಮಜೀವಿಗಳ ಮೇಲಿನ ಇತರ ಪರಿಣಾಮಗಳನ್ನು ಎಚ್ಚರದಿಂದ ಓದಬೇಕು. ಇದ್ದಿಲಿನ ರಂಧ್ರ ಬ್ಯಾಕ್ಟೀರಿಯಾಗಳಿಗೆ ಆಸರೆಯಾಗುತ್ತದೆಂಬ ವಿವರಣೆ ಜನಪ್ರಿಯ. ಆದರೆ ಬಹುಪಾಲು ರಂಧ್ರಗಳು ಬ್ಯಾಕ್ಟೀರಿಯಾದ ಗಾತ್ರಕ್ಕಿಂತ ಎಷ್ಟೋ ಕಿರಿದು. ಮೊದಲ ಕೆಲವು ವಾರಗಳಲ್ಲಿ ಕಾಣುವ ಉಸಿರಾಟದ ಏರಿಕೆಗೆ ಇದ್ದಿಲಿನ ಸುಲಭವಾಗಿ ಕೊಳೆಯುವ ಅಲ್ಪ ಇಂಗಾಲವೇ ಸಾಮಾನ್ಯವಾಗಿ ಕಾರಣ. ಅಳತೆಯಲ್ಲೂ ತೊಡಕಿದೆ: ಕ್ಲೋರೋಫಾರ್ಮ್ ಹೊಗೆ ಕೊಟ್ಟು ಜೀವರಾಶಿ ಅಳೆಯುವಾಗ ಕೋಶಗಳಿಂದ ಹೊರಬಂದ ಇಂಗಾಲವನ್ನು, ಕಿಣ್ವ ಪರೀಕ್ಷೆಯಲ್ಲಿ ಬಳಸುವ ರಾಸಾಯನಿಕವನ್ನು ಇದ್ದಿಲೇ ಹೀರಿಕೊಳ್ಳಬಹುದು. ಆಗ ಮಣ್ಣಿನ ಜೀವರಾಶಿ ಇರುವುದಕ್ಕಿಂತ ಕಡಿಮೆಯೆಂದು ಲೆಕ್ಕಕ್ಕೆ ಬರುತ್ತದೆ. ಅಟ್ರಜಿನ್‌ನಂಥ ಕಳೆನಾಶಕ ಇದ್ದಿಲಿಗೆ ಅಂಟಿದಾಗ ಬೆಳೆಗೆ ಅಪಾಯ ಕಡಿಮೆಯಾದರೂ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳ ಕೈಗೂ ಸಿಗದೆ ಮಣ್ಣಿನಲ್ಲೇ ಉಳಿಯಬಹುದು. ಸರಿಯಾಗಿ ತಯಾರಿಸದ ಬಯೋಚಾರ್‌ನಲ್ಲಿ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳೂ ಇರುತ್ತವೆ.

ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ನಡುವಿನ ಈ ಭೇದಕ್ಕೆ ಕರ್ನಾಟಕದಲ್ಲಿ ಮಹತ್ವವಿದೆ. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನೊಪೈರೈಟ್ ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿದೆ. ಈ ಭಾಗದ ಕಪ್ಪು ಎರೆಮಣ್ಣು ಬಹುತೇಕ ಕ್ಷಾರೀಯ, ಸುಣ್ಣದ ಅಂಶವುಳ್ಳದ್ದು. ಆಮ್ಲೀಯ ಮಣ್ಣಿನಲ್ಲಿ ಬಯೋಚಾರ್ ಕೊಡುವ ಲಾಭದ ದೊಡ್ಡ ಪಾಲು ಪಿಎಚ್ ಏರಿಕೆಯದೇ ಆದ್ದರಿಂದ ಇಲ್ಲಿ ಅದೇ ಫಲಿತಾಂಶ ನಿರೀಕ್ಷಿಸಲಾಗದು. ಇಲ್ಲಿನ ಭತ್ತದ ಗದ್ದೆಗಳಿಗೆ ಇದನ್ನು ಶಿಫಾರಸು ಮಾಡುವ ಮೊದಲು, ನೀರು ನಿಲ್ಲಿಸಿದ ಮೇಲಿನ ಮಣ್ಣಿನ ರಂಧ್ರಜಲದಲ್ಲಿ ಆರ್ಸೆನಿಕ್ ಮತ್ತು ಫೆರಸ್ ಕಬ್ಬಿಣ ಎರಡನ್ನೂ ಅಳೆಯಬೇಕಾಗುತ್ತದೆ.