ಸಿದ್ಧವಾದಾಗಲೇ ಬಿಡುಗಡೆ: ಡೆಬಿಯನ್ ಕಥೆ



ಕಂಪ್ಯೂಟರಿನ ಗುಂಡಿ ಒತ್ತಿದೊಡನೆ ಪರದೆ ಬೆಳಗುತ್ತದೆ, ಕೀಲಿಮಣೆ ನಿಮ್ಮ ಬೆರಳಿಗೆ ಓಗೊಡುತ್ತದೆ. ಯಂತ್ರದ ಭಾಗಗಳನ್ನೆಲ್ಲ ಹೀಗೆ ಒಂದು ಹಿಡಿತದಲ್ಲಿಟ್ಟು ನಡೆಸುವ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ದೊಡ್ಡ ಕಂಪನಿಗಳು ಇದನ್ನು ತಯಾರಿಸಿ ಮಾರುವುದು ನಿಮಗೆ ತಿಳಿದೇ ಇದೆ. ಆದರೆ ಯಾವ ಕಂಪನಿಯ ಒಡೆತನವೂ ಇಲ್ಲದೆ, ಬಹುಪಾಲು ಸ್ವಯಂಸೇವಕರೇ ಕೂಡಿ ಕಟ್ಟಿದ ಡೆಬಿಯನ್ ಎಂಬ ವ್ಯವಸ್ಥೆ ಮೂವತ್ತು ವರ್ಷಗಳನ್ನು ದಾಟಿ ನಡೆದುಬಂದಿದೆ. ಒಬ್ಬರನ್ನೊಬ್ಬರು ಕಂಡಿರದ ಜನ ಸೇರಿ ಮಾಡಿದ ಕೆಲಸವನ್ನು ನಂಬುವುದು ಹೇಗೆ? ಇದಕ್ಕೆ ಉತ್ತರ ಡೆಬಿಯನ್ನಿನ ಬಿಡುಗಡೆಗಳ ಚರಿತ್ರೆಯಲ್ಲಿದೆ.

ಮೊದಲು ಹಿನ್ನೆಲೆಯನ್ನು ನೋಡೋಣ. ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದರು. ಅದೇ ಗ್ನೂ ಯೋಜನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದರು. ಗ್ನೂ ಸಲಕರಣೆಗಳೂ ಲಿನಕ್ಸ್ ತಿರುಳೂ ಸೇರಿದರೆ ಪೂರ್ಣ ವ್ಯವಸ್ಥೆಯಾಗುತ್ತದೆ. ಆದರೆ ಬಿಡಿಭಾಗಗಳನ್ನು ಹೊಂದಿಸುವ ಕೆಲಸವೇ ಕಷ್ಟದ್ದು. ಆಗ ಸಿಗುತ್ತಿದ್ದ ಜೋಡಣೆಗಳಲ್ಲಿ ದೋಷಗಳು ತುಂಬಿದ್ದವು. ಇದನ್ನು ಕಂಡು ಬೇಸತ್ತ ಇಪ್ಪತ್ತು ವರ್ಷದ ಇಯಾನ್ ಮರ್ಡಾಕ್, ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ, 1993ರ ಆಗಸ್ಟ್ 16ರಂದು ಹೊಸ ಜೋಡಣೆಯೊಂದನ್ನು ಪ್ರಕಟಿಸಿದರು. ಗೆಳತಿ ಡೆಬ್ರಾ ಮತ್ತು ತಮ್ಮ ಹೆಸರು ಇಯಾನ್, ಎರಡನ್ನೂ ಕೂಡಿಸಿ ಡೆಬಿಯನ್ ಎಂದು ಕರೆದರು. ವ್ಯವಸ್ಥೆಯನ್ನು ಪ್ಯಾಕೇಜುಗಳೆಂಬ ತುಂಡುಗಳಾಗಿ ವಿಂಗಡಿಸಿ, ಒಂದೊಂದರ ಹೊಣೆಯನ್ನೂ ಒಬ್ಬೊಬ್ಬರು ಹೊರುವುದು ಅಲ್ಲಿಯ ಪದ್ಧತಿಯಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಡೆಬಿಯನ್ನಿಗೆ 1.0 ಎಂಬ ಆವೃತ್ತಿಯೇ ಇಲ್ಲ! 1995ರ ಕೊನೆಯಲ್ಲಿ ಸಿ.ಡಿ. ಮಾರುವ ಕಂಪನಿಯೊಂದು, ಇನ್ನೂ ಅರ್ಧ ಕೆಲಸವಾಗಿದ್ದ ಪ್ರತಿಯನ್ನೇ ಕಣ್ತಪ್ಪಿನಿಂದ 1.0 ಎಂದು ಅಚ್ಚುಹಾಕಿ ಹಂಚಿಬಿಟ್ಟಿತು. ಆ ಅಂಕಿಯನ್ನೇ ಕೈಬಿಟ್ಟ ಡೆಬಿಯನ್ ಬಳಗ, 1996ರ ಜೂನ್ 17ರಂದು 474 ಪ್ಯಾಕೇಜುಗಳಿದ್ದ 1.1ನ್ನು ಹೊರತಂದಿತು. ಸಿದ್ಧವಾಗದ ಪ್ರತಿಯ ಮೇಲೆ ಬಿಡುಗಡೆಯ ಸಂಖ್ಯೆ ಇರಬಾರದೆಂದು ಪ್ರತಿ ಆವೃತ್ತಿಗೂ ಒಂದು ಅಡ್ಡಹೆಸರಿಡುವ ರೂಢಿಯೂ ಬಂತು. ಆಗಿನ ಮುಂದಾಳು ಬ್ರೂಸ್ ಪೆರೆನ್ಸ್ ಪಿಕ್ಸಾರ್ ಸಂಸ್ಥೆಯಲ್ಲಿದ್ದವರು. ಆದ್ದರಿಂದ ಬಝ್, ವುಡಿ, ಸಾರ್ಜ್ ಮುಂತಾದ ಹೆಸರುಗಳೆಲ್ಲ 'ಟಾಯ್ ಸ್ಟೋರಿ' ಚಿತ್ರದ ಪಾತ್ರಗಳಿಂದಲೇ ಬಂದವು.

ನಾವು ದೂರದರ್ಶನದವರು ಮುದ್ರಿಸಿಕೊಂಡ ಕಾರ್ಯಕ್ರಮವನ್ನು ಪ್ರಸಾರಕ್ಕೆ ಮುನ್ನ ಪೂರ್ತಿ ನೋಡಿಯೇ ಕಳಿಸುತ್ತೇವೆ. ಡೆಬಿಯನ್ನಿನಲ್ಲಿ ಇಂಥ ಪರಿಶೀಲನೆಗೆ ಮೂರು ಮೆಟ್ಟಿಲುಗಳಿವೆ. ಹೊಸ ಪ್ಯಾಕೇಜು ಮೊದಲು 'ಅಸ್ಥಿರ' ವಿಭಾಗಕ್ಕೆ ಬರುತ್ತದೆ. ಇದರ ಹೆಸರು ಸಿಡ್, ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ತುಂಟ ಹುಡುಗ! ಕೆಲವು ದಿನ ಅಲ್ಲಿ ಗಂಭೀರ ದೋಷ ಕಾಣದಿದ್ದರೆ 'ಪರೀಕ್ಷಾ' ವಿಭಾಗಕ್ಕೆ ಏರುತ್ತದೆ. ಕೊನೆಗೆ ಹೊಸದನ್ನು ಸೇರಿಸುವುದನ್ನು ನಿಲ್ಲಿಸಿ, ಇದ್ದ ದೋಷಗಳನ್ನು ತಿದ್ದಿ, 'ಸ್ಥಿರ' ಎಂದು ಬಿಡುಗಡೆ ಮಾಡುತ್ತಾರೆ. ಸಿದ್ಧವಾದಾಗಲೇ ಬಿಡುಗಡೆ ಎಂಬುದು ಅವರ ನಿಯಮ.

ಈ ನಿಯಮಕ್ಕೆ ಬೆಲೆಯನ್ನೂ ತೆರಬೇಕಾಯಿತು. 2002ರ ಜುಲೈನಲ್ಲಿ ವುಡಿ ಬಂದ ಮೇಲೆ ಸಾರ್ಜ್‌ಗಾಗಿ 2005ರ ಜೂನ್‌ವರೆಗೆ ಕಾಯಬೇಕಾಯಿತು. ಬಳಕೆದಾರರು ಗೊಣಗಿದರು. ಈ ನಡುವೆ 2004ರಲ್ಲಿ, ಡೆಬಿಯನ್ನನ್ನೇ ಆಧಾರವಾಗಿಟ್ಟುಕೊಂಡು ಆರು ತಿಂಗಳಿಗೊಂದು ಆವೃತ್ತಿ ಕೊಡುವ ಉಬುಂಟು ಹುಟ್ಟಿಕೊಂಡಿತು. ಡೆಬಿಯನ್ ಬಳಗವೂ ಪಾಠ ಕಲಿಯಿತು. 2007ರಿಂದ 2025ರವರೆಗೆ ಎರಡು ವರ್ಷಕ್ಕೊಂದರಂತೆ ಸ್ಥಿರ ಆವೃತ್ತಿಗಳು ಹೊರಬಂದವು.

ಹಾಗಾದರೆ ಕಾದರೆ ಸಾಕೇ? ಸಾಲದು. 2006ರಲ್ಲಿ ಓಪನ್ಎಸ್ಎಸ್ಎಲ್ ಎಂಬ ಗೂಢಲಿಪಿ ತಂತ್ರಾಂಶದ ಡೆಬಿಯನ್ ಪ್ರತಿಯಲ್ಲಿ, ಒಂದು ಎಚ್ಚರಿಕೆಯ ಸಂದೇಶವನ್ನು ನಿಲ್ಲಿಸಲೆಂದು ಸಂಕೇತವನ್ನು ಕೊಂಚ ತೆಗೆದುಹಾಕಲಾಯಿತು. ರಹಸ್ಯ ಕೀಲಿಗಳಿಗೆ ಬೇಕಾದ ಅನಿಶ್ಚಿತತೆ ಬಹುಪಾಲು ಅದರೊಂದಿಗೇ ಹೋಯಿತು. ಯಾರೂ ಊಹಿಸಲಾಗದಷ್ಟು ಇರಬೇಕಾಗಿದ್ದ ಕೀಲಿಗಳು, ಒಂದು ಬಗೆಗೆ ಒಂದು ಅಳತೆಯಲ್ಲಿ, ಕೇವಲ 32,768 ಸಾಧ್ಯತೆಗಳಿಗೆ ಇಳಿದವು. ಕಂಪ್ಯೂಟರು ಇವನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬಲ್ಲದು. ಈ ದೋಷ ಮೂರೂ ಮೆಟ್ಟಿಲುಗಳನ್ನು ದಾಟಿ ಸ್ಥಿರ ಆವೃತ್ತಿಯನ್ನೂ ಸೇರಿತ್ತು. 2008ರ ಮೇ 13ರಂದು ಬಳಗವೇ ಅದನ್ನು ಬಹಿರಂಗವಾಗಿ ಪ್ರಕಟಿಸಿ, ಹಳೆಯ ಕೀಲಿಗಳನ್ನು ಬದಲಿಸಿಕೊಳ್ಳಿ ಎಂದು ಎಚ್ಚರಿಸಿತು. ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು 1997ರ ತನ್ನ 'ಸಾಮಾಜಿಕ ಒಪ್ಪಂದ'ದಲ್ಲಿ ಅದು ಮಾತು ಕೊಟ್ಟಿತ್ತು.

ಮತ್ತೊಂದು ಪರೀಕ್ಷೆ 2024ರಲ್ಲಿ ಬಂತು. ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರು ಸಿಡ್ ಆವೃತ್ತಿಯ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾಗ, ದೂರದಿಂದ ಯಂತ್ರದೊಳಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುವುದನ್ನು ಗಮನಿಸಿದರು. ಬೆನ್ನುಹತ್ತಿ ನೋಡಿದರೆ, ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ವರ್ಷಗಟ್ಟಲೆ ನೆರವು ನೀಡಿ ನಂಬಿಕೆ ಗಳಿಸಿಕೊಂಡವರ ಹೆಸರಿನಿಂದಲೇ ಅದು ಬಂದಿತ್ತು. ಫ್ರೂಂಡ್ ಮಾರ್ಚ್ 29ರಂದು ಇದನ್ನು ಜಗತ್ತಿಗೆ ತಿಳಿಸಿದರು. ಸಿಡ್ ಮತ್ತು ಪರೀಕ್ಷಾ ವಿಭಾಗಗಳನ್ನು ಆ ಪ್ರತಿ ಹೊಕ್ಕಿತ್ತು, ಸ್ಥಿರ ಆವೃತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ. ಮೆಟ್ಟಿಲುಗಳು ಸಮಯವನ್ನು ಕೊಟ್ಟವು, ಆ ಸಮಯದಲ್ಲಿ ಒಬ್ಬರು ಕಣ್ಣುಬಿಟ್ಟು ನೋಡಿದರು. ಎರಡರಲ್ಲಿ ಒಂದಿಲ್ಲದಿದ್ದರೂ ಅಪಾಯ ತಪ್ಪುತ್ತಿರಲಿಲ್ಲ.

2025ರ ಆಗಸ್ಟ್ 9ರಂದು ಬಿಡುಗಡೆಯಾದ ಟ್ರಿಕ್ಸಿ ಆವೃತ್ತಿಯಲ್ಲಿ ಸುಮಾರು 70,000 ಪ್ಯಾಕೇಜುಗಳಿವೆ. ಈ ಕೆಲಸ ನಮಗೆ ದೂರದ್ದೂ ಅಲ್ಲ. 2011ರ ಸ್ಕ್ವೀಝ್ ಆವೃತ್ತಿಯಿಂದ ಡೆಬಿಯನ್ನನ್ನು ಕನ್ನಡದಲ್ಲೇ ಸ್ಥಾಪಿಸಿಕೊಳ್ಳಬಹುದು. ಬಳಗದ 2023ರ ವಾರ್ಷಿಕ ಸಮ್ಮೇಳನ ನೆರೆಯ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಇಲ್ಲಿ ದೋಷಗಳ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ತಾವು ಕಂಡ ದೋಷವನ್ನು ಅದಕ್ಕೆ ಸೇರಿಸಬಹುದು. ಅದಕ್ಕೆ ಪದವಿಯೂ ಬೇಡ, ಪರಿಚಯವೂ ಬೇಡ.

ಮಿತ್ರರೇ, ಹೊಸ ಆವೃತ್ತಿ ಬಂದಿದೆ ಎಂಬ ಸುದ್ದಿಯನ್ನು ನೀವು ಮತ್ತೆ ಮತ್ತೆ ಓದುತ್ತೀರಿ. ಅದರಲ್ಲಿ ಹೊಸದೇನಿದೆ ಎಂದು ಅವಶ್ಯ ಕೇಳಿ. ಜೊತೆಗೆ, ಅದನ್ನು ಯಾರು ಪರೀಕ್ಷಿಸಿದರು, ಎಷ್ಟು ಕಾಲ ಪರೀಕ್ಷಿಸಿದರು, ತಪ್ಪು ಕಂಡರೆ ನಮಗೆ ಹೇಳುತ್ತಾರೆಯೇ ಎಂದೂ ಕೇಳಿ.